ಮೊದಲ ತಟ್ಟೆ

ಹಾಲಿನವನು ಎರಡು ಪ್ಯಾಕೆಟ್ ಇಟ್ಟು ಹೋಗಿದ್ದ. ಬಾಗಿಲು ತೆರೆದ ಸಿಂಚನ ಬಗ್ಗಿ ಎತ್ತಿಕೊಳ್ಳದೆ ಸ್ವಲ್ಪ ಹೊತ್ತು ಆ ಪ್ಯಾಕೆಟ್‌ಗಳನ್ನೇ ನೋಡುತ್ತ ನಿಂತಳು. ಮನೆ ತುಂಬ ನೆಂಟರಿದ್ದ ದಿನಗಳಲ್ಲಿ ಎಷ್ಟು ಹಾಲು ಬರುತ್ತಿತ್ತು, ಯಾರು ತರುತ್ತಿದ್ದರು ಎಂಬುದೊಂದೂ ಅವಳಿಗೆ ಗೊತ್ತಿರಲಿಲ್ಲ. ಗಂಡನ ತಿಥಿ ಮುಗಿಯಿತು. ಶಾಮಿಯಾನದವರು ಕುರ್ಚಿಗಳನ್ನು ಪೇರಿಸಿಕೊಂಡು ಹೋದರು. ನಿನ್ನೆ ಸಂಜೆ ಕೊನೆಯ ನೆಂಟರೂ ಹೊರಟರು. ಇವತ್ತು ಮತ್ತೆ ಹಳೆಯ ಪದ್ಧತಿಯಂತೆ ಎರಡು ಪ್ಯಾಕೆಟ್, ಒಂದು ಕಾಫಿಗೆ, ಇನ್ನೊಂದು ಲೋಕೇಶನ ಮೊಸರಿಗೆ.

ಬೋಗಾದಿಯ ಆ ರಸ್ತೆಯಲ್ಲಿ ಎದುರಿಗೆ ಕಟ್ಟುತ್ತಿದ್ದ ಮನೆಯ ಕಾಂಕ್ರೀಟ್ ಮಿಷನ್ನು ಆಗಲೇ ಗಡಗಡ ಎನ್ನುತ್ತಿತ್ತು. ಅತ್ತೆ ನೀಲಮ್ಮ ಅಡಿಗೆಮನೆಯಲ್ಲಿ ಒಲೆ ಹಚ್ಚಿದ್ದರು. ಮಂಡಕಳ್ಳಿ ಆಚೆಯ ಊರಿನ ತಮ್ಮ ಮನೆಗೆ ಅವರು ಹಿಂದಿರುಗಿರಲಿಲ್ಲ. ಹೋಗುತ್ತೇನೆಂದೂ ಹೇಳಿರಲಿಲ್ಲ, ಇರುತ್ತೇನೆಂದೂ ಹೇಳಿರಲಿಲ್ಲ.

ಸಿಂಚನ ಪೊರಕೆ ತೆಗೆದುಕೊಂಡು ಹಾಲ್ ಗುಡಿಸತೊಡಗಿದಳು. ಗೋಡೆಯ ಮೂಲೆಯಲ್ಲಿ ಶಾವಿಗೆ ಒರಳು ನಿಂತಿತ್ತು. ನಾಲ್ಕು ಕಾಲಿನ ಕಬ್ಬಿಣದ್ದು, ಮೇಲೆ ತಿರುಗಿಸಲು ಅಡ್ಡ ಹಿಡಿ, ನಡುವೆ ತೂತಿನ ಬಿಲ್ಲೆಯ ಕೊಳವೆ. ಅಷ್ಟು ದಿನವೂ ಜನ ಅದರ ಪಕ್ಕದಿಂದ ಸುತ್ತಿಕೊಂಡು ಓಡಾಡಿದ್ದರು. ಯಾರೋ ಅದರ ಹಿಡಿಗೆ ಟವಲ್ ನೇತುಹಾಕಿದ್ದರು, ಅದು ಈಗಲೂ ಅಲ್ಲೇ ಇತ್ತು. ಅವಳು ಟವಲ್ ತೆಗೆದಳು. ಒರಳಿನ ಕೆಳಗೆ ಪೊರಕೆ ಆಡಿಸಿದಾಗ ಧೂಳಿನ ಜೊತೆ ಒಣಗಿದ ಹೂವಿನ ಎಸಳು, ಬತ್ತಿಯ ಚೂರು, ಏನೋ ಒಂದು ಕಪ್ಪು ರಬ್ಬರಿನ ಸಿಪ್ಪೆ ಬಂದವು. ಎಲ್ಲವನ್ನೂ ಮೊರಕ್ಕೆ ತುಂಬಿ ಕಸದ ಬುಟ್ಟಿಗೆ ಸುರಿದಳು.

ಕಾಫಿ ಲೋಟ ಹಿಡಿದು ಬಂದ ನೀಲಮ್ಮ ಒರಳನ್ನು ಆಗತಾನೇ ಕಂಡವರಂತೆ ನೋಡಿದರು. "ಯಾರ್ದವ್ವ ಇದು?" ಎಂದರು. ಗೋಕುಲಂನ ಮಂಗಳಮ್ಮ ಎಂಬವರದು, ಲೋಕೇಶ್ ಕೇಳಿ ತಂದಿದ್ದ ಎಂದಳು ಸಿಂಚನ. ಯಾವಾಗ ಎಂದು ಅವರು ಕೇಳಲಿಲ್ಲ. ಅವಳೇ ಹೇಳಿದಳು. "ಅವತ್ತೇ, ಅತ್ತೆ."

ಲೋಕೇಶ್ ನೀರಿನ ಫಿಲ್ಟರ್ ರಿಪೇರಿಯವನು. ಹೆಗಲಿಗೆ ಬ್ಯಾಗು ಹಾಕಿಕೊಂಡು ಊರಿನ ಅಡಿಗೆಮನೆಗಳನ್ನೆಲ್ಲ ಸುತ್ತುತ್ತಿದ್ದ. ಯಾರ ಮನೆಯ ಅಟ್ಟದ ಮೇಲೆ ಏನಿದೆ, ಯಾವ ಅಜ್ಜಿ ಉಪ್ಪಿನಕಾಯಿ ಚೆನ್ನಾಗಿ ಹಾಕುತ್ತಾರೆ, ಎಲ್ಲ ಅವನಿಗೆ ಗೊತ್ತು. ಮಂಗಳಮ್ಮನ ವಿಷಯವನ್ನಂತೂ ಅವನು ನಗದೆ ಹೇಳಿದ್ದೇ ಇಲ್ಲ. ಗಂಡ ಇಲ್ಲದ ಒಂಟಿ ಮುದುಕಿ, ಮೇಲಿನ ಮನೆಯನ್ನು ಯೋಗ ಕಲಿಯಲು ಬಂದ ಫಾರಿನ್ನಿನವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. 'ಬೆಳಗ್ಗೆಯೆಲ್ಲ ತಲೆ ಕೆಳಗ್ ಮಾಡ್ಕೊಂಡ್ ನಿಂತಿರ್ತವೆ, ಕರೆದ್ರೆ ಕಾಲ್ಗಳೇ ನನ್ನ ಮಾತಾಡುಸ್ತವೆ' ಎನ್ನುತ್ತಾರಂತೆ. ಒರಳು ಕೇಳಿದಾಗ ಅವರು ಒಂದು ಷರತ್ತು ಹಾಕಿದ್ದರು. ಒತ್ತದೆ ವಾಪಸು ತರುವ ಹಾಗಿಲ್ಲ, ಒತ್ತಿದ ಮೊದಲ ತಟ್ಟೆ ಶಾವಿಗೆ ಒರಳಿನ ಯಜಮಾನಿಗೆ ಬರಬೇಕು. ಅವರ ಅತ್ತೆಯ ಕಾಲದಿಂದ ಆ ಮನೆಯಲ್ಲಿ ನಡೆದುಬಂದದ್ದು.

ಇದನ್ನೆಲ್ಲ ಅವನು ಆ ಶನಿವಾರ ಸಂಜೆ ಮೆಟ್ಟಿಲು ಹತ್ತಿ ಬಂದು, ಒರಳನ್ನು ಹೆಗಲಿನಿಂದ ಇಳಿಸಿ, ಬೆವರು ಒರೆಸಿಕೊಳ್ಳುತ್ತ ಹೇಳಿದ್ದ. ನಾಳೆ ಭಾನುವಾರ, ಇಬ್ಬರೂ ಸೇರಿ ಒತ್ತೋಣ ಎಂದಿದ್ದ. ಸಿಂಚನಳ ಮುಂದೆ ಕಾಲೇಜಿನ ಉತ್ತರಪತ್ರಿಕೆಗಳ ಕಟ್ಟಿತ್ತು. ತನ್ನ ತಾಯಿ ಇದ್ದಾಗ ರಜೆಯ ದಿನ ಮನೆಯಲ್ಲಿ ಶಾವಿಗೆ ಒತ್ತುತ್ತಿದ್ದರು, ಅವರು ಹೋದ ಮೇಲೆ ಆ ರುಚಿಯೇ ಮರೆತುಹೋಯಿತು ಎಂದು ಅವಳೇ ಯಾವತ್ತೋ ಅವನಿಗೆ ಹೇಳಿದ್ದಳು. ಹೇಳಿದ್ದು ಅವಳಿಗೆ ನೆನಪಿರಲಿಲ್ಲ. ಒರಳು ಕಂಡಾಗ ಹೊಳೆದದ್ದು ಅದನ್ನು ತೊಳೆಯುವವರು ಯಾರು ಎಂಬುದು.

"ಯಾರ್ ಕೇಳಿದ್ರು ನಿನ್ನ?" ಎಂದಿದ್ದಳು.

"ಯಾರೂ ಕೇಳಿಲ್ಲ ಬುಡು," ಎಂದು ಅವನು ನಕ್ಕಿದ್ದ. ಆಮೇಲೆ ಎದೆ ಸವರಿಕೊಳ್ಳುತ್ತ, "ಉರೀತಿದೆ ಕಣೇ. ಗ್ಯಾಸ್ಟ್ರಿಕ್ ಅನ್ಸತ್ತೆ," ಎಂದಿದ್ದ.

ಕಂಡವರ ಮನೆಯಲ್ಲೆಲ್ಲ ಬೋಂಡ ತಿಂದು ಬಂದರೆ ಇನ್ನೇನಾಗುತ್ತದೆ ಎಂದು ಅವಳು ಮಾತ್ರೆ ಕೊಟ್ಟಿದ್ದಳು. ಅವನು ನುಂಗಿ ನೀರು ಕುಡಿದಿದ್ದ. ಅವಳು ಬಾಲ್ಕನಿಗೆ ಹೋಗಿ, ಸೊಳ್ಳೆ ಒಳಗೆ ನುಗ್ಗದಿರಲೆಂದು ಬಾಗಿಲು ಎಳೆದುಕೊಂಡು, ತನ್ನ ಕುರ್ಚಿಯಲ್ಲಿ ಕೂತಿದ್ದಳು.

ಆ ಕುರ್ಚಿಯದು ಹಳೆಯ ಅಭ್ಯಾಸ. ಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಮನಶ್ಶಾಸ್ತ್ರ ಎಂ.ಎ. ಓದುವಾಗ ಹಿಡಿದದ್ದು. ದಿನ ಮುಳುಗುವ ಹೊತ್ತಿಗೆ ಸುಮ್ಮನೆ ಕೂತು, ಬೆಳಗಿನಿಂದ ಆಡಿದ್ದನ್ನೂ ಮಾಡಿದ್ದನ್ನೂ ಒಂದೊಂದಾಗಿ ಎದುರಿಗೆ ತಂದುಕೊಳ್ಳುವುದು. ಇದನ್ನು ಕಲಿಸಿದ ಮೇಷ್ಟ್ರು ಎರಡು ಮಾತು ಹೇಳಿದ್ದರು. ಇದ್ದದ್ದನ್ನು ಇದ್ದ ಹಾಗೆ ನೋಡಬೇಕು. ನೋಡುವಾಗ ಪಕ್ಕದ ಮನೆಯ ಮಗು ಬಿದ್ದು ಬಂದರೆ ಹೇಗೆ ನೋಡುತ್ತೇವೋ ಹಾಗೆ ನೋಡಬೇಕು. ಅವಳು ಮೊದಲನೆಯದನ್ನು ಚೆನ್ನಾಗಿ ಕಲಿತಳು. ಈಗ ತನ್ನ ವಿದ್ಯಾರ್ಥಿಗಳಿಗೂ ಅದನ್ನೇ ಕಲಿಸುತ್ತಿದ್ದಳು. ಎರಡನೆಯದು ಮೇಷ್ಟ್ರು ಪಾಠದ ಕೊನೆಗೆ ಸೇರಿಸಿದ ಚಂದದ ಮಾತು ಎಂದುಕೊಂಡು ಬಿಟ್ಟಿದ್ದಳು.

ಅವಳು ಆ ಕುರ್ಚಿಯಲ್ಲಿ ಕೂತಾಗಲೆಲ್ಲ ಲೋಕೇಶ್ ಬಾಗಿಲಲ್ಲಿ ಇಣುಕಿ ರೇಗಿಸುತ್ತಿದ್ದ. "ಕೋರ್ಟ್ ಶುರುವಾಯ್ತಾ ಮೇಡಂ? ಇವತ್ತು ಯಾರಿಗೆ ಶಿಕ್ಷೆ?" ಅವಳು ಮುಖ ಗಂಟಿಕ್ಕಿದರೆ, "ನಿನ್ನೊಳಗಿರೋ ಆ ಜಡ್ಜಮ್ಮಂಗೆ ಒಂದ್ ಲೋಟ ಕಾಫಿ ಕೊಡು, ಪಾಪ. ಸ್ವಲ್ಪ ಮೆತ್ತಗಾಗ್ತಾಳೆ," ಎನ್ನುತ್ತಿದ್ದ. ಅವನದು ಬೇರೆ ರೀತಿ. ಸಂಜೆ ಬಂದು ಬಚ್ಚಲಲ್ಲಿ ಕಾಲು ತೊಳೆಯುತ್ತ, "ಸರಿ, ಇವತ್ತಿಗೆ ಇಷ್ಟಾಯ್ತು," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಸೋಮಾರಿತನಕ್ಕೆ ಅದೊಂದು ನೆಪ ಎಂದು ಅವಳಿಗೆ ಅನ್ನಿಸುತ್ತಿತ್ತು. ಹಾಗೆಂದು ಅವನಿಗೆ ಹೇಳಿಯೂ ಇದ್ದಳು.

ಆ ಸಂಜೆ ಕುರ್ಚಿಯಲ್ಲಿ ಕೂತು ಅವಳು ನೋಡಿಕೊಂಡದ್ದು 'ಯಾರ್ ಕೇಳಿದ್ರು ನಿನ್ನ' ಎಂಬ ಮಾತನ್ನು. ತಪ್ಪು ಎಂದು ತೀರ್ಮಾನಿಸಿದಳು. ಯಾಕೆ ಹಾಗಂದೆ, ಹಿಂದೆ ಯಾವಾಗಲೆಲ್ಲ ಹಾಗಂದಿದ್ದೆ ಎಂದು ಕೆದಕುತ್ತ ಹೋದಳು. ಊಟಕ್ಕೆ ಕೂತಾಗ ಕ್ಷಮೆ ಕೇಳಬೇಕು ಎಂದುಕೊಂಡು ಎದ್ದು ಒಳಗೆ ಬಂದಾಗ ಹಾಲ್‌ನಲ್ಲಿ ಲೈಟು ಹಾಕಿರಲಿಲ್ಲ. ಲೋಕೇಶ್ ಒರಳಿನ ಪಕ್ಕ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಕಾಲು ಚಾಚಿದ್ದ. ಕೆಲಸದ ಬ್ಯಾಗಿನ ಬಾಯಿ ತೆರೆದಿತ್ತು. ಸ್ಪ್ಯಾನರು, ಬ್ಲೇಡು, ಪೈಪಿನ ತುಂಡುಗಳು ಹೊರಗೆ ಬಿದ್ದಿದ್ದವು. ಅವನ ಒಂದು ಕೈ ಬ್ಯಾಗಿನೊಳಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಅವನನ್ನು ಬಹಳ ಹೊತ್ತು ನೋಡಲೂ ಇಲ್ಲ.

ಅವನ ಫೋನು ಆ ಬ್ಯಾಗಿನ ಒಳಗಿನ ಜೇಬಿನಲ್ಲಿ ಸಿಕ್ಕಿತು. ಅಂದಿನಿಂದ ಸಿಂಚನಳಿಗೆ ಉಳಿದದ್ದು ಒಂದೇ ಚಿತ್ರ. ನೋವು ಬಂದಿದೆ, ಅವನು ಕರೆದಿದ್ದಾನೆ, ಮುಚ್ಚಿದ ಬಾಗಿಲಿನ ಆಚೆಗೆ ಕೇಳಿಸಿಲ್ಲ. ಸ್ವರ ಏಳದಾದಾಗ ಫೋನಿಗಾಗಿ ಬ್ಯಾಗೆಲ್ಲ ಹುಡುಕಿದ್ದಾನೆ. ಅವಳು ಅಷ್ಟು ಹೊತ್ತೂ ಹೊರಗೆ ತನ್ನ ತಪ್ಪನ್ನು ತಾನು ನೋಡಿಕೊಳ್ಳುತ್ತ ಕೂತಿದ್ದಳು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬಂದವರೆಲ್ಲ ಬೆನ್ನು ಸವರಿ ನಿನ್ನ ತಪ್ಪೇನೂ ಇಲ್ಲ ಎಂದು ಹೋದರು. ಏನು ನಡೆಯಿತೆಂದು ಕೇಳದೆಯೇ ಅವಳನ್ನು ಖುಲಾಸೆ ಮಾಡಿದರು. ಆ ಮಾತು ಅವಳಿಗೆ ಅಂಟಲಿಲ್ಲ. ಬಾಲ್ಕನಿಯ ಕುರ್ಚಿಯಲ್ಲಿ ಅವಳು ಮತ್ತೆ ಕೂರಲಿಲ್ಲ. ಕೂರುವ ಅಗತ್ಯವೂ ಇರಲಿಲ್ಲ. ನಿಂತಲ್ಲಿ, ಮಲಗಿದಲ್ಲಿ, ಹಲ್ಲುಜ್ಜುವಲ್ಲಿ ವಿಚಾರಣೆ ನಡೆದೇ ಇತ್ತು. ತೀರ್ಪೂ ಪ್ರತಿಸಲ ಅದೇ. ಅಳು ಮಾತ್ರ ಬರುತ್ತಿರಲಿಲ್ಲ.

"ಕೊಟ್ಬುಡು," ಎಂದರು ನೀಲಮ್ಮ. "ನನ್ ಮಗ ಈಸ್ಕಂಡ್ ಬಂದದ್ದು. ಅಂಗೇ ಇಟ್ಕಂಡ್ರೆ ರುಣ ಅವನ್ ಮ್ಯಾಲೆ ಉಳೀತದೆ."

ಆಟೋದಲ್ಲಿ ಕಳಿಸಿಬಿಡೋಣ ಎಂದಳು ಸಿಂಚನ. ಒತ್ತದೆ ಕೊಡಬಾರದಂತೆ ಎಂಬುದನ್ನೂ ಹೇಳಿ, ಈಗ ಅದೆಲ್ಲ ಎಲ್ಲಿ ಎಂದಳು. ನೀಲಮ್ಮ ಲೋಟವನ್ನು ನೆಲದ ಮೇಲಿಟ್ಟು, ಸೊಂಟಕ್ಕೆ ಕೈ ಕೊಟ್ಟು ಎದ್ದರು. ಅಡಿಗೆಮನೆಯಲ್ಲಿ ಡಬ್ಬಿಗಳ ಮುಚ್ಚಳ ತೆಗೆದು ನೋಡುವ ಸದ್ದಾಯಿತು. ಆಮೇಲೆ ಅಲ್ಲಿಂದಲೇ ಕೇಳಿದರು. "ಅಕ್ಕಿ ಇಟ್ಟು ಇದೊಂದೇನಾ ಇರೋದು?"

ತಿಂಗಳು ತುಂಬುವ ತನಕ ಮನೆಯಲ್ಲಿ ಸಿಹಿ ಮಾಡುವಂತಿಲ್ಲ. ಬೆಲ್ಲದ ಕಾಯಿಹಾಲು ಬೇಡ, ಬರಿ ಶಾವಿಗೆ ಒತ್ತೋಣ ಎಂದು ನೀಲಮ್ಮನೇ ತೀರ್ಮಾನ ಮಾಡಿದರು. ಕುದಿಯುವ ನೀರಿಗೆ ಹಿಟ್ಟು ಸುರಿದು, ಕೋಲಿನಲ್ಲಿ ತಿರುವಿ, ಮುಷ್ಟಿಗಾತ್ರದ ಉಂಡೆ ಕಟ್ಟಿ, ಮತ್ತೆ ನೀರಿನಲ್ಲಿ ಬೇಯಲು ಬಿಟ್ಟರು. ಸಿಂಚನ ಒರಳನ್ನು ಎತ್ತಿ ತಂದು ತೊಳೆದಳು. ಬಿಲ್ಲೆಯ ತೂತುಗಳಿಗೆ ಎಣ್ಣೆ ಸವರಿದಳು. ಉಂಡೆ ಬಿಸಿಯಾಗಿದ್ದಾಗಲೇ ಒತ್ತಬೇಕು, ಆರಿದರೆ ಕಲ್ಲು. ಒಬ್ಬರು ಉಂಡೆ ಹಾಕಿ ತಟ್ಟೆ ಹಿಡಿಯಬೇಕು, ಇನ್ನೊಬ್ಬರು ಹಿಡಿ ತಿರುಗಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ.

"ತಿರುಗ್ಸು," ಎಂದರು ನೀಲಮ್ಮ.

ಮೊದಲಿಗೆ ಹಿಡಿ ಕದಲಲಿಲ್ಲ. ಸಿಂಚನ ಎರಡು ಕೈ ಹಾಕಿ ಮೈಭಾರವನ್ನೆಲ್ಲ ಬಿಟ್ಟಳು. ಒಳಗೆ ಏನೋ ಸಡಿಲವಾದಂತಾಗಿ ಬಿಳಿಯ ಎಳೆಗಳು ಒಟ್ಟಿಗೆ ಇಳಿದವು. ನೀಲಮ್ಮ ತಟ್ಟೆಯನ್ನು ಸುತ್ತ ತಿರುಗಿಸುತ್ತ ಎಳೆಗಳನ್ನು ಬಳೆಯಂತೆ ಸುತ್ತಿಕೊಂಡರು. ಕೊಳವೆಯಿಂದ ಹಬೆ ಏಳುತ್ತಿತ್ತು. ಅವರು ಮುಖ ಪಕ್ಕಕ್ಕೆ ತಿರುಗಿಸಿ, ಹಬೆ ಕಣ್ಣಿಗೆ ಹೊಡೀತದೆ ಎಂದರು. ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಒರಳು ಚೆನ್ನಾಗಿ ಕುಂತದೆ, ಒಂಚೂರೂ ಅಲ್ಲಾಡಾಕಿಲ್ಲ ಎಂದೂ ಹೇಳಿದರು.

ಮೊದಲ ತಟ್ಟೆಯನ್ನು ನೀಲಮ್ಮ ಒದ್ದೆ ಬಟ್ಟೆ ಮುಚ್ಚಿ ಸ್ಟೀಲ್ ಡಬ್ಬಿಯಲ್ಲಿಟ್ಟರು. ಸಿಂಚನ ಹೋಗಲು ಹಿಂಜರಿದಳು. ಗಂಡ ಸತ್ತು ತಿಂಗಳಾಗದ ಹೆಂಗಸು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬಾರದೆಂದು ನೆಂಟರಲ್ಲಿ ಯಾರೋ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಹಾಗೆ ಅಂದದ್ದು ತಮ್ಮ ನಾದಿನಿಯೇ ಎಂದರು ನೀಲಮ್ಮ. "ಅವಳ್ ಮಾತು ಅವಳ್ ಜೊತೆ ಬಸ್ ಅತ್ತೋಯ್ತು. ನೀ ಓಗು."

ಗೋಕುಲಂನ ಆ ಮನೆಯ ಮುಂದೆ ಆಟೋದವನು ಒರಳನ್ನು ಇಳಿಸಿಕೊಟ್ಟು ಹೋದ. ಮೇಲಿನ ಬಾಲ್ಕನಿಯಲ್ಲಿ ಬಣ್ಣಬಣ್ಣದ ಮ್ಯಾಟುಗಳು ಒಣಗುತ್ತಿದ್ದವು. ಬಾಗಿಲು ತೆರೆದ ಮುದುಕಿ ಸಿಂಚನಳ ಮುಖ ನೋಡಿದರು, ಒರಳನ್ನು ನೋಡಿದರು. ಆಮೇಲೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

ಸಿಂಚನ ಮೆಟ್ಟಿಲಿನಲ್ಲೇ ನಿಂತು, ಲೋಕೇಶ್ ತಂದಿದ್ದು, ಕೊಟ್ಟು ಹೋಗೋಣ ಅಂತ ಬಂದೆ ಎಂದು ಡಬ್ಬಿ ಚಾಚಿದಳು.

"ಒಳಿಕ್ ಬಾ," ಎಂದರು ಮಂಗಳಮ್ಮ. "ಒಸ್ಲು ಗಿಸ್ಲು ಅಂತ ನಿಂತ್ಕಬ್ಯಾಡ. ನಾನೂ ಒಂದು ಕಾಲ್ದಲ್ಲಿ ಅಂಗೇ ಆಚೆ ನಿಂತ್ಕಂಡಿದ್ದೋಳೇ ಕಣವ್ವ."

ಇಬ್ಬರೂ ಸೇರಿ ಒರಳನ್ನು ಎತ್ತಿ ತಂದು ಅಡಿಗೆಮನೆಯ ಬಾಗಿಲ ಬಳಿ ಇಟ್ಟರು. ಮಂಗಳಮ್ಮ ಡಬ್ಬಿ ತೆರೆದು ಶಾವಿಗೆಯನ್ನು ನೋಡಿ ಮತ್ತೆ ಮುಚ್ಚಿದರು. ಕಾಫಿಗೆ ಇಡುತ್ತೇನೆಂದು ಒಲೆಯ ಕಡೆ ತಿರುಗಿದವರು ಬೆನ್ನು ಹಾಕಿಕೊಂಡೇ ಮಾತಾಡತೊಡಗಿದರು. ಫಿಲ್ಟರ್ ಆಫೀಸಿಗೆ ಫೋನ್ ಮಾಡಿದಾಗ ಸುದ್ದಿ ತಿಳಿಯಿತು. ತಿಥಿಗೆ ಬರಬೇಕೆಂದು ಸೀರೆ ಉಟ್ಟು ಗೇಟಿನ ತನಕ ಹೋಗಿ ವಾಪಸು ಬಂದೆ. ನಿನ್ನ ಮುಖ ನೋಡುವ ಧೈರ್ಯ ಬರಲಿಲ್ಲ ಎಂದರು.

"ಯಾಕಜ್ಜಿ?" ಎಂದಳು ಸಿಂಚನ.

ಮಂಗಳಮ್ಮ ತಿರುಗಿದರು. "ಅಟ್ಟದಿಂದ ಅವನ ಕೈಲೇ ಇಳುಸ್ದೆ ನಾನು. ಇಳ್ಸುದ್ ಮ್ಯಾಲೆ ಮೈಯೆಲ್ಲ ನೀರಾಗಿ ಬೆವ್ತೋದ. ಎದೆ ಇಡ್ಕಂತದೆ ಅಜ್ಜಿ ಅಂದ. ನಾನು, ಗ್ಯಾಸು ಕಣೋ ಅಂದೆ. ನಿಂಬೆಹುಳಿ ಸೋಡಾ ಮಾಡ್ಕೊಟ್ಟೆ. ಡರ್ ಅಂತ ತೇಗ್ದ. ನೋಡ್ದಾ, ನಾನ್ ಏಳ್ನಿಲ್ವಾ, ಗ್ಯಾಸೇ ಅಂತ ನಕ್ಕೆ. ನಕ್ಕೆ ಕಣವ್ವ ನಾನು. ಬುದ್ಧಿ ಇದ್ದೋಳಾಗಿದ್ರೆ ಪಕ್ಕದ್ಮನೆ ಕಾರಲ್ಲಿ ಆಸ್ಪತ್ರೆಗೆ ಕಳುಸ್ತಿದ್ದೆ. ಒರಳು ಒರ್ಸಿ ಕಳುಸ್ದೆ."

ಸಿಂಚನಳ ಒಳಗೆ ಮೊದಲು ಎದ್ದದ್ದು ದುಃಖವಲ್ಲ. ತಣ್ಣನೆಯ ಒಂದು ನೆಮ್ಮದಿ. ಇನ್ನೊಬ್ಬರೂ ಇದ್ದಾರೆ. ತನಗಿಂತ ಮೊದಲು ಗೊತ್ತಾಗಬಹುದಾಗಿದ್ದವರು, ತನಗಿಂತ ಹೆಚ್ಚು ಕಂಡವರು. ಹೌದು ನಿಮ್ಮಿಂದಲೇ ಎಂದು ಹೇಳಿ ಎದ್ದು ಹೋಗಬಹುದಾಗಿತ್ತು. ಮಂಗಳಮ್ಮನ ಕೈ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಸುತ್ತುತ್ತಿತ್ತು. ಸುತ್ತಿ ಸುತ್ತಿ ಆ ತುದಿ ಹಗ್ಗದಂತಾಗಿತ್ತು. ಇವರೂ ಅಷ್ಟು ದಿನದಿಂದ ಇದೇ ಕೆಲಸದಲ್ಲಿದ್ದಾರೆ ಎಂಬುದು ಅವಳಿಗೆ ಆಗ ಕಂಡಿತು.

"ನಾನೂ ಗ್ಯಾಸ್ಟ್ರಿಕ್ ಅಂತಲೇ ಅಂದೆ ಅಜ್ಜಿ," ಎಂದಳು. "ಮಾತ್ರೆ ಕೊಟ್ಟೆ. ಬೈದು ಕೊಟ್ಟೆ."

ಒಲೆಯ ಮೇಲೆ ಹಾಲು ಉಕ್ಕಿ ಬಂತು. ಮಂಗಳಮ್ಮ ಕೈಯಾಡಿಸಿ ಗ್ಯಾಸ್ ಆರಿಸಿದರು.

"ಅವನೂ ಹಾಗೇ ಅಂದ್ಕೊಂಡಿದ್ದ," ಎಂದು ಸಿಂಚನ ಮುಂದುವರಿಸಿದಳು. ಪ್ರತಿ ಮಾತನ್ನೂ ಆಡುವ ಮೊದಲು ನಿಜವೋ ಎಂದು ನೋಡಿಕೊಳ್ಳುವವಳಂತೆ ನಿಧಾನವಾಗಿ ಹೇಳುತ್ತಿದ್ದಳು. "ನೀವು ಇಳಿಸಿಕೊಡು ಅಂದಿದ್ದು ಹೌದು. ನಕ್ಕಿದ್ದೂ ಹೌದು. ಆದ್ರೆ ನಿಮಗೆ ಗೊತ್ತಿರ್ಲಿಲ್ಲ."

ಮಂಗಳಮ್ಮ ಅವಳನ್ನೇ ನೋಡುತ್ತ ಕೇಳಿದರು. "ನಿಂಗ್ ಗೊತ್ತಿತ್ತಾ?"

ಮೇಲಿನ ಮನೆಯಲ್ಲಿ ಯಾರೋ ನೆಲದ ಮೇಲೆ ಮೆಲ್ಲಗೆ ಹೆಜ್ಜೆ ಹಾಕುವುದು ಕೇಳಿಸಿತು. ಬಾಗಿಲು ಮುಚ್ಚಿಕೊಂಡಿದ್ದೆ ಎಂದು ಸಿಂಚನ ಹೇಳಬೇಕೆಂದಿದ್ದಳು. ಕರೆದಿರಬೇಕು, ಫೋನ್ ಹುಡುಕಿರಬೇಕು ಎಂದು ಹೇಳಬೇಕೆಂದಿದ್ದಳು. ಮುದುಕಿ ಕೇಳಿದ್ದು ಅದನ್ನಲ್ಲ.

"ಇಲ್ಲ," ಎಂದಳು.

ಮಂಗಳಮ್ಮ ತಲೆಯಾಡಿಸಿ, ಕಾಫಿ ಬೆರೆಸಿ, ಲೋಟವನ್ನು ಅವಳ ಮುಂದಿಟ್ಟರು. ಡಬ್ಬಿಯಿಂದ ಒಂದು ಎಳೆ ಶಾವಿಗೆ ಎತ್ತಿ ಬಾಯಿಗೆ ಹಾಕಿಕೊಂಡು, ಉಪ್ಪು ಸರಿಯಾಗಿದೆ, ಯಾರ ಕೈದು ಎಂದು ಕೇಳಿದರು. ಅತ್ತೆಯದು ಎಂದಳು ಸಿಂಚನ. ಅವರನ್ನೂ ಒಂದು ದಿನ ಕರೆದುಕೊಂಡು ಬಾ ಎಂದರು.

ಒರಳನ್ನು ಇನ್ನು ಅಟ್ಟಕ್ಕೆ ಹಾಕುವುದು ಬೇಡ, ಕೆಳಗೇ ಮೂಲೆಯಲ್ಲಿ ಇರಲಿ ಎಂದು ಮಂಗಳಮ್ಮ ಜಾಗ ತೋರಿಸಿದರು. ಸಿಂಚನ ಅದನ್ನು ಗೋಡೆಯ ಕಡೆಗೆ ಸರಿಸಿದಳು. ಅಷ್ಟರಲ್ಲಿ ಮುದುಕಿ ಒಲೆಯ ಕೆಳಗಿನಿಂದ ಹಳೆಯ ತೆಂಗಿನ ಚಿಪ್ಪಿನ ಚೂರೊಂದನ್ನು ತಂದು ಅವಳ ಕೈಗೆ ಕೊಟ್ಟರು.

"ಆ ಇಂದ್ಗಡೆ ಕಾಲ್ಗೆ ಕೊಡು. ಕುಂಟ್ತದೆ ಅದು. ನಮ್ಮತ್ತೆ ಕಾಲದಿಂದ್ಲೂ ಕುಂಟೇಯ."

ಸಿಂಚನ ಮಂಡಿಯೂರಿ ಕೂತು ಚಿಪ್ಪನ್ನು ಹಿಂದಿನ ಕಾಲಿನ ಅಡಿಗೆ ತಳ್ಳಿದಳು. ಅದು ಒಳಗೆ ಹೋಗಲಿಲ್ಲ. ಸಂದೇ ಇರಲಿಲ್ಲ. ಬಗ್ಗಿ ನೋಡಿದಳು. ಕಾಲಿನ ತುದಿಗೆ ಕಪ್ಪು ರಬ್ಬರ್ ಪೈಪಿನ ಗೇಣಿಗಿಂತ ಸಣ್ಣ ತುಂಡೊಂದನ್ನು ಬಿಗಿಯಾಗಿ ತೊಡಿಸಲಾಗಿತ್ತು. ಕಬ್ಬಿಣವೂ ಕಪ್ಪು, ರಬ್ಬರೂ ಕಪ್ಪು, ನೋಡದೆ ಕಾಣುತ್ತಿರಲಿಲ್ಲ. ತಳಕ್ಕೆ ಫಿಲ್ಟರಿನ ವಾಷರುಗಳನ್ನು ಒಂದರ ಮೇಲೊಂದು ಕೂರಿಸಲಾಗಿತ್ತು. ಅಂಚನ್ನು ಬ್ಲೇಡಿನಿಂದ ಸುತ್ತಲೂ ಒಂದೇ ಸಮನಾಗಿ ಕೊಯ್ಯಲಾಗಿತ್ತು. ಎಲ್ಲೂ ಕೈ ತಪ್ಪಿದ ಗುರುತಿರಲಿಲ್ಲ.

ಮಂಗಳಮ್ಮ ಅವಳ ಹೆಗಲ ಮೇಲಿಂದ ಇಣುಕಿದರು. "ಒಯ್ಯೋವಾಗ ಕುಂಟ್ತಾನೇ ಇತ್ತು. ಇದುಕ್ಕೊಂದು ಚಪ್ಲಿ ಆಕ್ಕೊಡ್ತೀನಿ ಅಜ್ಜಿ, ಇವತ್ತೇ ಆಕ್ಬುಡ್ತೀನಿ ಅಂದಿದ್ದ." ಇನ್ನಷ್ಟು ಬಗ್ಗಿ ನೋಡಿ, "ಆಕ್ಬುಟ್ಟವ್ನೆ," ಎಂದರು.

ಸಿಂಚನ ಒರಳಿನ ಹಿಡಿಯ ಒಂದು ತುದಿಯನ್ನು ಒತ್ತಿ ನೋಡಿದಳು. ಇನ್ನೊಂದು ತುದಿಯನ್ನು ಒತ್ತಿದಳು. ಅದು ಅಲ್ಲಾಡಲಿಲ್ಲ. ತೆರೆದ ಬ್ಯಾಗು, ನೆಲಕ್ಕೆ ಬಿದ್ದ ಬ್ಲೇಡು, ಬೆಳಗ್ಗೆ ಮೊರದಲ್ಲಿ ಬಂದ ಕಪ್ಪು ಸಿಪ್ಪೆ. ಅವನು ಬ್ಯಾಗು ತೆರೆದದ್ದು ಫೋನಿಗಾಗಿ ಅಲ್ಲ. ಅವಳ ಬೆರಳು ರಬ್ಬರಿನ ಅಂಚಿನ ಸುತ್ತ ಒಮ್ಮೆ ಹೋಗಿ ಬಂತು, ಇನ್ನೊಮ್ಮೆ ಹೋಯಿತು. ಕಣ್ಣು ಮಂಜಾಗಿ ಒರಳಿನ ಕಾಲು ಕಾಣದಾಯಿತು.

"ಆರೋಯ್ತದೆ," ಎಂದರು ಮಂಗಳಮ್ಮ. ಲೋಟವನ್ನು ಎತ್ತಿ ಅವಳ ಕೈಯ ಹತ್ತಿರ ನೆಲದ ಮೇಲಿಟ್ಟರು.

ಸಿಂಚನ ಅಲ್ಲೇ ನೆಲದ ಮೇಲೆ, ಗೋಡೆಗೆ ಒರಗಿ, ಕಾಲು ಚಾಚಿ ಕೂತಳು. ಬೇಡವಾದ ತೆಂಗಿನ ಚಿಪ್ಪು ಮಡಿಲಲ್ಲಿತ್ತು. ಲೋಟವನ್ನು ಎರಡು ಕೈಯಲ್ಲೂ ಹಿಡಿದು ಕಾಫಿ ಕುಡಿದಳು, ಕೊನೆಯ ಗುಟುಕಿನ ತನಕ.